ಮುಂದಿನ ಅಷ್ಟಮಿಗೂ ಉಳಿಯುವ ರಾಕ್ಷಸ ವೇಷ: ಮನೆಯಲ್ಲೇ ಲೇಟೆಕ್ಸ್ ಮುಖವಾಡ ಮಾಡುವ ಕ್ರಮ

ಕೃಷ್ಣಾಷ್ಟಮಿಗೆ ರಾಕ್ಷಸ ವೇಷ ಹಾಕಿ ಬೀದಿ ಸುತ್ತುವುದು ಉಡುಪಿ ಸೀಮೆಗೆ ಹೊಸತಲ್ಲ. ಕಟಪಾಡಿಯ ರವಿ ಅವರು ಹೀಗೆ ವಿಚಿತ್ರ ಜೀವಿಗಳ ವೇಷ ತೊಟ್ಟು ಕೂಡಿಸಿದ ಹಣವನ್ನು ಕಾಯಿಲೆಬಿದ್ದ ಮಕ್ಕಳ ಚಿಕಿತ್ಸೆಗೆ ಕೊಟ್ಟಿದ್ದನ್ನು ಊರೆಲ್ಲ ಬಲ್ಲದು. ಆದರೆ ಮನೆಯಲ್ಲಿ ಮಾಡಿದ ಲೇಟೆಕ್ಸ್ ವೇಷಗಳು ಹೆಚ್ಚಿನವು ಒಂದೇ ಹಬ್ಬಕ್ಕೆ ಮುಗಿದುಹೋಗುತ್ತವೆ. ಮರುವರ್ಷ ಪೆಟ್ಟಿಗೆ ತೆರೆದರೆ ಮುಖವಾಡ ಅಂಟಂಟಾಗಿ ತನಗೆ ತಾನೇ ಹಿಡಿದುಕೊಂಡಿರುತ್ತದೆ, ಬಣ್ಣ ಚಕ್ಕೆಯೆದ್ದಿರುತ್ತದೆ, ಕುತ್ತಿಗೆಯ ಅಂಚು ಹರಿದಿರುತ್ತದೆ. ಇದು ಕೈಚಳಕದ ಕೊರತೆಯಲ್ಲ. ಪ್ರತಿಯೊಂದಕ್ಕೂ ಒಂದು ಕಾರಣವಿದೆ, ಆ ಕಾರಣ ತಿಳಿದಿದ್ದರೆ ಅದೇ ವೇಷ ಹಲವು ವರ್ಷ ಬಾಳುತ್ತದೆ.

ಮೊದಲು ವಸ್ತುವನ್ನು ಅರ್ಥಮಾಡಿಕೊಳ್ಳಬೇಕು. ಲೇಟೆಕ್ಸ್ ಎಂದರೆ ರಬ್ಬರ್ ಮರದ ಹಾಲು: ನೀರಿನಲ್ಲಿ ತೇಲುವ ಅತಿ ಸೂಕ್ಷ್ಮ ರಬ್ಬರ್ ಕಣಗಳು. ಮರದಿಂದ ಇಳಿದ ಹಾಲಿನಲ್ಲಿ ರಬ್ಬರಿನ ಪಾಲು ಶೇ. 30ರಿಂದ 40. ಯಂತ್ರದಲ್ಲಿ ತಿರುಗಿಸಿ ನೀರು ಬೇರ್ಪಡಿಸಿದ ಗಟ್ಟಿ ಲೇಟೆಕ್ಸಿನಲ್ಲಿ ಅದು ಸುಮಾರು ಶೇ. 60. ಹಾಲು ಹೆಪ್ಪುಗಟ್ಟದಂತೆ ಅಮೋನಿಯಾ ಸೇರಿಸಿರುತ್ತಾರೆ, ಮುಚ್ಚಳ ತೆಗೆದೊಡನೆ ಮೂಗಿಗೆ ಹೊಡೆಯುವ ಘಾಟು ಅದರದ್ದೇ. ನೀರು ಆರುತ್ತಿದ್ದಂತೆ ಕಣಗಳು ಒಂದಕ್ಕೊಂದು ಒತ್ತಿ ಬೆಸೆದು ಹಾಳೆಯಾಗುತ್ತವೆ.

ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆ ರಬ್ಬರ್ ತೋಟ ಇರುವವರಿಗೆ ತೋಟದ ಹಾಲನ್ನೇ ಬಳಸಿದರೇನು ಅನ್ನಿಸುವುದು ಸಹಜ. ಬಳಸಬೇಡಿ. ಹಸಿ ರಬ್ಬರಿನಲ್ಲಿ ಉದ್ದುದ್ದ ಅಣುಸರಗಳು ಒಂದರ ಮೇಲೊಂದು ಜಾರುತ್ತಿರುತ್ತವೆ. ಎಳೆದರೆ ಹಿಗ್ಗುತ್ತದೆ, ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಬಿಸಿಲಿಗೆ ಅಂಟಾಗುತ್ತದೆ. ಗಂಧಕ ಸೇರಿಸಿ ಕಾಯಿಸಿದಾಗ ಈ ಸರಗಳ ನಡುವೆ ಅಡ್ಡಕೊಂಡಿಗಳು ಬೀಳುತ್ತವೆ, ಆಮೇಲೆಯೇ ರಬ್ಬರಿಗೆ ಪುಟಿಯುವ ಗುಣ ಬರುವುದು. ಇದಕ್ಕೆ ವಲ್ಕನೀಕರಣ ಎನ್ನುತ್ತಾರೆ. ಈ ಕೆಲಸವನ್ನು ದ್ರವರೂಪದಲ್ಲೇ, ಪ್ರತಿ ಕಣದೊಳಗೇ ಮುಗಿಸಿ ಮಾರುವ ಲೇಟೆಕ್ಸಿಗೆ ಪ್ರೀವಲ್ಕನೈಸ್ಡ್ ಲೇಟೆಕ್ಸ್ ಎಂದು ಹೆಸರು. ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಇದೇ ಹೆಸರು ಹೇಳಿ ಕೇಳಬೇಕು. ಬರೇ ಲೇಟೆಕ್ಸ್ ಎಂದರೆ ಹಸಿಯದ್ದನ್ನೋ ಅಂಟಿಗೆ ಬಳಸುವುದನ್ನೋ ಕೊಟ್ಟುಬಿಡಬಹುದು. ಅನುಮಾನವಿದ್ದರೆ ಗಾಜಿನ ಮೇಲೆ ಒಂದು ಮಿಲಿಮೀಟರ್ ದಪ್ಪ ಹರಡಿ, ಎರಡು ದಿನ ಒಣಗಿಸಿ, ಪಟ್ಟಿ ಕತ್ತರಿಸಿ ಮೂರುಪಟ್ಟು ಎಳೆದು ಬಿಡಿ. ತಟ್ಟನೆ ಮೊದಲಿನ ಉದ್ದಕ್ಕೆ ಬಂದರೆ ಸರಿಯಾದ ಮಾಲು. ಸೋತು ಉದ್ದವಾಗಿಯೇ ಉಳಿದರೆ ಅದರಲ್ಲಿ ವೇಷ ಮಾಡಿ ಪ್ರಯೋಜನವಿಲ್ಲ.

ಎಷ್ಟು ಬೇಕು? ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ದಪ್ಪ ಕೂರಿಸಲು ಸುಮಾರು ಒಂದೂವರೆ ಕಿಲೋ ಲೇಟೆಕ್ಸ್ ಹಿಡಿಯುತ್ತದೆ. ಕುತ್ತಿಗೆವರೆಗೆ ಬರುವ ಮುಖವಾಡದ ಮೇಲ್ಮೈ ಸುಮಾರು ಕಾಲು ಚದರ ಮೀಟರ್. ಎರಡು ಮಿಲಿಮೀಟರ್ ದಪ್ಪಕ್ಕೆ ಮುಕ್ಕಾಲು ಕಿಲೋ, ಪೋಲಾಗುವುದು ಸೇರಿ ಒಂದು ಕಿಲೋ. ಎದೆ, ಕೈ, ಪಾದ ಎಲ್ಲ ಸೇರಿಸಿದರೆ ಐದು ಕಿಲೋದ ಒಂದು ಕ್ಯಾನ್ ಸಾಕು, ಬಣ್ಣಕ್ಕೂ ತೇಪೆಗೂ ಉಳಿಯುತ್ತದೆ.

ಕೆಲಸ ಶುರು ಮಾಡುವ ಕಾಲ

ಕರಾವಳಿಯಲ್ಲಿ ಈ ಕೆಲಸ ಕೆಡುವುದು ಬಹುತೇಕ ತೇವದಿಂದ. ಅಷ್ಟಮಿ ಬರುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ, ಆದ್ದರಿಂದ ಜುಲೈಯಲ್ಲಿ ಹೊರಡುವವರೇ ಹೆಚ್ಚು. ಆಟಿಯ ಮಳೆಯಲ್ಲಿ ಪ್ಲಾಸ್ಟರ್ ಅಚ್ಚು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಒದ್ದೆ ಅಚ್ಚು ಲೇಟೆಕ್ಸಿನ ನೀರು ಹೀರುವುದಿಲ್ಲ, ಹೀರದಿದ್ದರೆ ಪದರ ಕಟ್ಟುವುದಿಲ್ಲ. ಏಪ್ರಿಲಿನಲ್ಲಿ ಮಣ್ಣಿನ ಕೆಲಸ ಹಿಡಿದು, ಮೇ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆಯೊಳಗೆ ಅಚ್ಚು ಒಣಗಿಸಿಟ್ಟರೆ ಅರ್ಧ ತೊಂದರೆ ಅಲ್ಲಿಗೇ ಕಳೆಯಿತು. ಎರಕ, ಬಣ್ಣ ಮಳೆಗಾಲದಲ್ಲೂ ಆಗುತ್ತದೆ, ಸ್ವಲ್ಪ ನಿಧಾನ ಅಷ್ಟೆ.

ಮಣ್ಣಿನ ಮುಖ

ಗಣಪತಿ ಮಾಡುವವರು ಬಳಸುವ ಆವೆಮಣ್ಣು ಇದಕ್ಕೆ ಒಳ್ಳೆಯದು. ಕೊಂಬಿಲ್ಲದ ಮುಖಕ್ಕೆ 10ರಿಂದ 12 ಕಿಲೋ. ಹಲಗೆಗೆ ಒಂದು ಗಟ್ಟಿ ಕೋಲು ನಿಲ್ಲಿಸಿ, ಅದರ ಮೇಲೆ ಥರ್ಮಕೋಲ್ ಅಥವಾ ಸುತ್ತಿದ ಗೋಣಿಯಿಂದ ತಲೆಯ ಗಾತ್ರದ ಒಳಗಟ್ಟು ಮಾಡಿ, ಅದರ ಮೇಲೆ ಮಣ್ಣು ಹೊದಿಸಿ.

ಇಲ್ಲಿ ಅಳತೆ ತಪ್ಪಿದರೆ ಮುಂದೆ ಯಾವುದರಿಂದಲೂ ಸರಿಹೋಗದು. ಲೇಟೆಕ್ಸ್ ಒಣಗಿದ ಮೇಲೆ ಶೇ. 5ರಿಂದ 8ರಷ್ಟು ಕುಗ್ಗುತ್ತದೆ. ತಲೆಯ ಸುತ್ತಳತೆ (ಕೊಂಬು ಬಿಗಿಯಲು ಒಳಗೆ ಹೆಲ್ಮೆಟ್ ಇಡುವುದಾದರೆ ಹೆಲ್ಮೆಟ್ ಹಾಕಿದ ತಲೆಯದ್ದು) 58 ಸೆಂಟಿಮೀಟರ್ ಇದ್ದರೆ, ಒಳಗೆ ಸ್ಪಂಜಿನ ಅಸ್ತರಿಗೆ ಐದು ಸೆಂಟಿಮೀಟರ್ ಕೂಡಿಸಿ 63. ಕುಗ್ಗುವಿಕೆ ಲೆಕ್ಕ ಹಿಡಿದರೆ ಮಣ್ಣಿನ ಹಣೆಯ ಸುತ್ತಳತೆ 68 ಆದರೂ ಇರಬೇಕು. ತನ್ನ ತಲೆಗೆ ಸರಿಯಾಗಿ ಮಣ್ಣು ಮೆತ್ತಿದವರ ಮುಖವಾಡ ಮಕ್ಕಳಿಗೆ ಹೋಗುತ್ತದೆ.

ಬೀದಿಯಲ್ಲಿ ಹತ್ತಡಿ ದೂರದಿಂದ ಕಾಣುವುದು ನೆರಳು, ನೆರಿಗೆಯಲ್ಲ. ಹುಬ್ಬಿನ ಗಂಟು, ಕೆನ್ನೆಯೆಲುಬು, ದವಡೆ ಇವನ್ನು ಬೇಕೆನ್ನಿಸುವುದಕ್ಕಿಂತ ತುಸು ಹೆಚ್ಚೇ ಎತ್ತಿ. ಯಕ್ಷಗಾನದ ಬಣ್ಣದ ವೇಷದಲ್ಲಿ ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿಯಿಟ್ಟು ಮುಖಕ್ಕೆ ಉಬ್ಬು ಕೊಡುವುದೂ ಇದೇ ಉದ್ದೇಶಕ್ಕೆ. ಸೂಕ್ಷ್ಮ ಚರ್ಮದ ಗೆರೆಗೆ ಮಣ್ಣಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲಿನಿಂದ ಮೊಂಡು ಕಡ್ಡಿಯಲ್ಲಿ ಒತ್ತಿದರೆ ಗೆರೆಯ ಅಂಚು ಮೆತ್ತಗೆ, ಸಹಜವಾಗಿ ಬರುತ್ತದೆ. ಕೊಂಬನ್ನು ಇದರ ಜೊತೆ ಮಾಡಬೇಡಿ, ಆ ಮಾತು ಮುಂದೆ ಬರುತ್ತದೆ.

ಎರಡು ಹೋಳಿನ ಅಚ್ಚು

ಫಾಲ್ಸ್ ಸೀಲಿಂಗ್‌ಗೆ ಬಳಸುವ ಪ್ಲಾಸ್ಟರ್ ಆಫ್ ಪ್ಯಾರಿಸ್ 20 ಕಿಲೋ ಬೇಕು. ಹೊಸ ಚೀಲವೇ ಆಗಬೇಕು, ಏಕೆಂದರೆ ನಮ್ಮ ಹವೆಯಲ್ಲಿ ಬಿಚ್ಚಿಟ್ಟ ಪ್ಲಾಸ್ಟರ್ ಗಾಳಿಯ ತೇವ ಹೀರಿ ಸತ್ತುಹೋಗುತ್ತದೆ. ಒಂದು ಲೋಟದಲ್ಲಿ ಕಲಸಿ ನೋಡಿ. ಅರ್ಧ ಗಂಟೆಯೊಳಗೆ ಬಿಸಿಯಾಗಿ ಗಟ್ಟಿಯಾದರೆ ಸರಿ, ಪುಡಿಪುಡಿಯಾಗಿ ಉಳಿದರೆ ಹಿಂತಿರುಗಿಸಿ.

ಎರಡೂ ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಹಾದುಹೋಗುವಂತೆ ಮಣ್ಣಿನ ಒಂದು ಗೋಡೆ ನಿಲ್ಲಿಸಿ ಮುಖವನ್ನು ಮುಂದು–ಹಿಂದಾಗಿ ಭಾಗಿಸಬೇಕು. ಗೋಡೆಯಲ್ಲಿ ಗೋಲಿ ಗಾತ್ರದ ನಾಲ್ಕೈದು ಗುಳಿ ಒತ್ತಿ, ಎರಡು ಹೋಳು ಒಂದರೊಳಗೊಂದು ಕೂರಲು ಅವೇ ಗುರುತು. ಒಂದು ಲೀಟರ್ ನೀರಿಗೆ ಸುಮಾರು 1.4 ಕಿಲೋ ಪ್ಲಾಸ್ಟರ್. ನೀರಿಗೆ ಪುಡಿಯನ್ನು ಉದುರಿಸಬೇಕು, ಪುಡಿಗೆ ನೀರು ಸುರಿಯಬಾರದು. ಎರಡು ನಿಮಿಷ ನೆನೆಯಲು ಬಿಟ್ಟು ಗುಳ್ಳೆಯೇಳದಂತೆ ಕೈಯಿಂದ ನಿಧಾನ ಕಲಸಿ. ಮೊದಲ ಪದರವನ್ನು ತೆಳ್ಳಗೆ ಬ್ರಷ್ಷಿನಿಂದ ಮೂಗಿನ ಹೊಳ್ಳೆ, ಸುಕ್ಕುಗಳೊಳಗೆ ಊದಿ ಊದಿ ಕಳಿಸಿ. ಅದು ಬಿಗಿಯುತ್ತಿರುವಾಗ ದಪ್ಪ ಪದರ, ಅದರ ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿಪಟ್ಟಿ ಅಥವಾ ತೆಂಗಿನ ನಾರು, ಒಟ್ಟು ಮೂರು ಸೆಂಟಿಮೀಟರ್ ದಪ್ಪ. ಮುಂಭಾಗ ಗಟ್ಟಿಯಾದ ಮೇಲೆ ಗೋಡೆ ಕಿತ್ತು, ಪ್ಲಾಸ್ಟರಿನ ಅಂಚಿಗೆ ವ್ಯಾಸಲೀನ್ ಹಚ್ಚಿ ಹಿಂಭಾಗ ಮಾಡಿ. ಈ ಅಂಚು ಬಿಟ್ಟು ಅಚ್ಚಿನ ಒಳಮೈಗೆ ವ್ಯಾಸಲೀನ್, ಎಣ್ಣೆ, ಸಾಬೂನು ಏನೂ ತಾಗಬಾರದು. ಜಿಡ್ಡಾದ ಪ್ಲಾಸ್ಟರ್ ನೀರು ಕುಡಿಯುವುದಿಲ್ಲ, ಜಿಡ್ಡು ರಬ್ಬರಿಗೂ ಹೋಗುತ್ತದೆ.

ಒಂದು ಎಚ್ಚರಿಕೆ: ಕಟ್ಟುವಾಗ ಪ್ಲಾಸ್ಟರ್ ತುಂಬ ಬಿಸಿಯಾಗುತ್ತದೆ. ಅಳತೆ ಸರಿಬರಲಿ ಎಂದು ಜೀವಂತ ಕೈಯನ್ನೋ ಮುಖವನ್ನೋ ದಪ್ಪ ಪ್ಲಾಸ್ಟರಿನಲ್ಲಿ ಹುಗಿದರೆ ಚರ್ಮ ಸುಟ್ಟುಹೋಗುತ್ತದೆ.

ಹೋಳು ಬಿಡಿಸಿ, ಮಣ್ಣು ಕೆರೆದು, ಮೆತ್ತನೆಯ ಬ್ರಷ್ಷಿನಲ್ಲಿ ತೊಳೆದು, ಫ್ಯಾನಿನ ಗಾಳಿಗೆ ನಿಲ್ಲಿಸಿ. ಒಣಗಿತೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ, ತಕ್ಕಡಿಗೆ ಗೊತ್ತಾಗುತ್ತದೆ: ಎರಡು ದಿನ ಬಿಟ್ಟು ತೂಗಿದಾಗ ತೂಕ ಇಳಿಯದಿದ್ದರೆ ಒಣಗಿದೆ. ಬೇಗ ಆಗಲೆಂದು ಒಲೆಯ ಪಕ್ಕ ಇಡಬೇಡಿ. 50 ಡಿಗ್ರಿ ಮೀರಿದರೆ ಪ್ಲಾಸ್ಟರ್ ತನ್ನೊಳಗಿನ ನೀರನ್ನೇ ಬಿಟ್ಟು ಪುಡಿಯಾಗತೊಡಗುತ್ತದೆ.

ಎರಕ

ಹೋಳುಗಳನ್ನು ಕೂಡಿಸಿ ಹಗ್ಗ ಅಥವಾ ಸೈಕಲ್ ಟ್ಯೂಬಿನಿಂದ ಬಿಗಿದು, ಹೊರಗಿನಿಂದ ಸಂದಿಗೆ ಮಣ್ಣು ಮೆತ್ತಿ, ಕುತ್ತಿಗೆ ಮೇಲಾಗಿ ಬಕೆಟಿನಲ್ಲಿ ನಿಲ್ಲಿಸಿ. ಲೇಟೆಕ್ಸನ್ನು ಕಡೆಯಬಾರದು, ಡ್ರಿಲ್ಲಿಗೆ ಕಡ್ಡಿ ಸಿಕ್ಕಿಸಿ ತಿರುಗಿಸಲೂಬಾರದು. ಜೋರಾಗಿ ಕಲಕಿದರೂ, ಹುಳಿ ಬಿದ್ದರೂ ಅದು ಹೆಪ್ಪುಗಟ್ಟುತ್ತದೆ, ಹೆಪ್ಪಾದದ್ದು ಮತ್ತೆ ಹಾಲಾಗುವುದಿಲ್ಲ. ತೆಳು ಬಟ್ಟೆಯಲ್ಲಿ ಸೋಸಿ, ಗುಳ್ಳೆ ಮೇಲೆದ್ದು ಹೋಗುವವರೆಗೆ ಮುಚ್ಚಿಡಿ. ಪಾತ್ರೆ ಪ್ಲಾಸ್ಟಿಕ್ಕಿನದ್ದೋ ಸ್ಟೀಲಿನದ್ದೋ ಆಗಲಿ. ತಾಮ್ರ, ಹಿತ್ತಾಳೆ ಮಾತ್ರ ಬೇಡವೇ ಬೇಡ: ತಾಮ್ರದ ಅಂಶ ಕೊಂಚ ಸೇರಿದರೂ ರಬ್ಬರ್ ಗಾಳಿಯೊಡನೆ ಬೇಗ ಕೆಟ್ಟು ಜಿಗುಟಾಗುತ್ತದೆ. ಕಿಟಕಿ ಬಾಗಿಲು ತೆರೆದಿರಲಿ, ಕಣ್ಣಿಗೆ ಕನ್ನಡಕ ಇರಲಿ. ಬಟ್ಟೆಗೆ ಬಿದ್ದ ಲೇಟೆಕ್ಸ್ ಒಣಗಿದರೆ ಹೋಗುವುದಿಲ್ಲ.

ಒಂದು ಲೋಟ ಲೇಟೆಕ್ಸ್ ಸುರಿದು ಅಚ್ಚನ್ನು ಎಲ್ಲ ಕಡೆ ಹೊರಳಿಸಿ. ಹೊಳ್ಳೆ, ತುಟಿಯ ಮೂಲೆ, ಕಿವಿಯ ತುದಿಗೆ ಬ್ರಷ್ಷಿನಿಂದ ತಲುಪಿಸಿ. ಅದ್ದುವ ಮುಂಚೆ ಬ್ರಷ್ಷನ್ನು ಸಾಬೂನು ನೀರಿನಲ್ಲಿ ನೆನೆಸಿದರೆ ಕೂದಲು ಗಂಟಾಗುವುದಿಲ್ಲ. ಹೆಚ್ಚಾದದ್ದನ್ನು ಹಿಂದಕ್ಕೆ ಬಸಿದು, ಮೇಲ್ಮೈಯ ಹಾಲುಬಿಳುಪು ಹೋಗಿ ಜೇನಿನ ಬಣ್ಣಕ್ಕೆ ತಿರುಗುವವರೆಗೆ ಕಾಯಬೇಕು. ಬೇಸಿಗೆಯಲ್ಲಿ ಒಂದು ಗಂಟೆ, ಮಳೆಗಾಲದಲ್ಲಿ ಮೂರು ಗಂಟೆಯೂ ಆಗಬಹುದು. ಹೀಗೆ ಐದಾರು ಪದರ. ಮೂರನೆಯ ಪದರ ಹಸಿಯಿರುವಾಗ ಕುತ್ತಿಗೆಯ ಅಂಚು, ಬಾಯಿಯ ಸುತ್ತ, ಬೆನ್ನ ಕಡೆ ಸೀಳುವ ಗೆರೆಯುದ್ದಕ್ಕೂ ಬ್ಯಾಂಡೇಜ್ ಬಟ್ಟೆಯ ಪಟ್ಟಿ ಕೂರಿಸಿ. ಮುಖವಾಡ ಹರಿಯುವುದು ಯಾವಾಗಲೂ ಅಂಚಿನಿಂದಲೇ, ಬಟ್ಟೆ ಇದ್ದಲ್ಲಿ ಹರಕು ಮುಂದುವರಿಯುವುದಿಲ್ಲ.

ಹೆಚ್ಚಿನವರು ಎಡವುವುದು ಮೂಗಿನ ತುದಿಯಲ್ಲಿ. ಅಲ್ಲಿ ಲೇಟೆಕ್ಸ್ ಮಡುಗಟ್ಟಿ ನಿಲ್ಲುತ್ತದೆ. ಮೇಲೆ ಕೆನೆ ಕಟ್ಟುತ್ತದೆ, ಆ ಕೆನೆ ಒಳಗಿನ ನೀರನ್ನು ಹೊರಗೆ ಬಿಡುವುದಿಲ್ಲ. ಹೊರಗೆ ಒಣಗಿದಂತೆ ಕಂಡು ತೆಗೆದರೆ, ಆಮೇಲೆ ಒಳಗಿನದು ಒಣಗುತ್ತ ಕುಗ್ಗಿ ಮೂಗು ಸೊಟ್ಟಗಾಗುತ್ತದೆ. ಪ್ರತಿ ಪದರದ ಬಳಿಕ ಅಚ್ಚನ್ನು ಬೇರೆ ಬೇರೆ ವಾರೆಯಲ್ಲಿ ಮಲಗಿಸಿ, ನಿಂತದ್ದನ್ನು ಸ್ಪಂಜಿನಲ್ಲಿ ಹೀರಿ ತೆಗೆಯಿರಿ. ಕೊಂಬನ್ನು ಜೊತೆಗೆ ಎರೆಯಬಾರದು ಎಂದದ್ದೂ ಇದಕ್ಕೇ: ಕೊಂಬಿನ ತುದಿ ವಾರಗಟ್ಟಲೆ ಹಸಿಯಾಗಿ ಉಳಿಯುತ್ತದೆ.

ಕೊನೆಯ ಪದರದ ಬಳಿಕ ಕನಿಷ್ಠ ಎರಡು ದಿನ ಫ್ಯಾನಿನ ಗಾಳಿ. ಎಲ್ಲೂ ಬಿಳಿಯ ಮಚ್ಚೆ ಕಾಣಬಾರದು. ಒಳಗೆಲ್ಲ ಟಾಲ್ಕಮ್ ಪೌಡರ್ ಹಾಕಿ, ಕುತ್ತಿಗೆಯಿಂದ ನಿಧಾನ ಬಿಡಿಸುತ್ತ, ಬಿಟ್ಟ ಭಾಗದ ಹೊರಗೂ ಪೌಡರ್ ಹಚ್ಚುತ್ತ ಬನ್ನಿ. ಹೊಸ ಲೇಟೆಕ್ಸಿನ ಎರಡು ಮೈ ಪರಸ್ಪರ ತಾಗಿದರೆ ಅಂಟಿಕೊಳ್ಳುತ್ತವೆ, ಎಳೆದರೆ ಹರಿಯುತ್ತವೆ.

ತೆಗೆದ ಮುಖವಾಡವನ್ನು ಒಂದು ರಾತ್ರಿ ತಣ್ಣೀರಿನಲ್ಲಿ ಮುಳುಗಿಸಿ, ನಡುವೆ ಎರಡು ಸಲ ನೀರು ಬದಲಿಸಿ. ಇದನ್ನು ಬಿಡುವವರೇ ಹೆಚ್ಚು, ಬಿಡಬಾರದು. ನೀರಿನಲ್ಲಿ ಕರಗುವ ಸಾಬೂನಿನಂಶ, ಹಾಲಿನ ಪ್ರೋಟೀನುಗಳು ಹೊರಬರುತ್ತವೆ. ಲೇಟೆಕ್ಸ್ ಅಲರ್ಜಿಗೆ ಕಾರಣ ಆ ಪ್ರೋಟೀನುಗಳೇ. ತೊಳೆದರೆ ಅವು ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ. ಬಲೂನು ಊದಿದಾಗ, ರಬ್ಬರ್ ಗ್ಲೌಸ್ ಹಾಕಿದಾಗ ತುರಿಕೆಯೋ ಉಬ್ಬಸವೋ ಆಗುವವರು ಈ ವೇಷ ಹಾಕಲೇಬಾರದು. ಬಾಳೆಹಣ್ಣು, ಪಪ್ಪಾಯಿ, ಬೆಣ್ಣೆಹಣ್ಣು ತಿಂದರೆ ಬಾಯಿ ತುರಿಸುವವರು ಮೊದಲು ವೈದ್ಯರನ್ನು ಕೇಳಬೇಕು, ಆ ಅಲರ್ಜಿಗೂ ಇದಕ್ಕೂ ನಂಟಿದೆ. ನೆನೆಸಿದಾಗ ಮುಖವಾಡ ಬೆಳ್ಳಗಾಗುತ್ತದೆ, ನೆರಳಲ್ಲಿ ಒಣಗಿದಂತೆ ಮತ್ತೆ ತಿಳಿಯಾಗುತ್ತದೆ.

ಕೊಂಬು, ಮೈ, ಕೈಕಾಲು

ಕೊಂಬಿಗೆ ಥರ್ಮಕೋಲ್ ಕೊರೆದು, ಮೇಲೆ ಕಾಗದದ ಪಟ್ಟಿಗಳನ್ನು ಮೈದಾ ಅಂಟಿನಲ್ಲಿ ಹೊದಿಸಿ, ಪೂರ್ತಿ ಒಣಗಿಸಿ ಎರಡು ಪದರ ಲೇಟೆಕ್ಸ್ ಬಳಿದರೆ ಸಾಕು. ಭಾರವನ್ನು ರಬ್ಬರ್ ಚರ್ಮ ಹೊರಬಾರದು. ಒಳಗೆ ಹಗುರ ಸೈಕಲ್ ಹೆಲ್ಮೆಟ್ ಇಟ್ಟು ಕೊಂಬಿನ ಬುಡವನ್ನು ಅದಕ್ಕೆ ಬಿಗಿಯಬೇಕು.

ಇಡೀ ಮೈಯನ್ನು ರಬ್ಬರಿನಲ್ಲಿ ಮಾಡುವ ಆಸೆ ಬೇಡ. ಭಾರ, ಸೆಕೆ ಎರಡೂ ತಡೆಯಲಾಗದು. ಮೈಗಂಟುವ ಹತ್ತಿಯ ಉಡುಪಿನ ಮೇಲೆ, ಕುಶನ್ ಅಂಗಡಿಯ 25 ಮಿಲಿಮೀಟರ್ ಸ್ಪಂಜನ್ನು ಕತ್ತರಿಯಲ್ಲಿ ಸ್ನಾಯುವಿನ ಆಕಾರಕ್ಕೆ ಕತ್ತರಿಸಿ ಅಂಟಿಸಿ. ಎದೆ, ಭುಜ, ತೋಳು ಬೇರೆ ಬೇರೆ ತುಂಡಾಗಿರಲಿ, ಕೀಲುಗಳ ಬಳಿ ಸ್ಪಂಜು ಬೇಡ. ಫೆವಿಕಾಲ್ ಎಸ್‌ಆರ್ ಥರದ ಅಂಟಿನ ದ್ರಾವಕ ಪೂರ್ತಿ ಆರಿದ ಮೇಲೆಯೇ ಲೇಟೆಕ್ಸ್ ಹಚ್ಚಬೇಕು, ಏಕೆಂದರೆ ಆ ದ್ರಾವಕ ರಬ್ಬರನ್ನು ಉಬ್ಬಿಸುತ್ತದೆ. ಮೊದಲ ಪದರವನ್ನು ಸ್ಪಂಜು ಕುಡಿದುಬಿಡುತ್ತದೆ. ಎರಡನೆಯದರಲ್ಲಿ ಬ್ಯಾಂಡೇಜ್ ಬಟ್ಟೆ, ಮೂರು ನಾಲ್ಕರಲ್ಲಿ ಚರ್ಮದ ಮೇಲ್ಮೈ ಬರುತ್ತದೆ. ಸ್ಪಂಜಿನ ಅಂಚನ್ನೂ ಬಿಡದೆ ಮುಚ್ಚಿ. ಅಷ್ಟಮಿಯ ಮರುದಿನದ ವಿಟ್ಲಪಿಂಡಿಯಂದು ಉಡುಪಿಯ ರಥಬೀದಿಯಲ್ಲಿ ಮಳೆ, ಮೊಸರು, ಓಕುಳಿ ಎಲ್ಲ ಮೈಮೇಲೆಯೇ. ತೆರೆದ ಸ್ಪಂಜು ಅದನ್ನೆಲ್ಲ ಹೀರಿ ಭಾರವಾಗುತ್ತದೆ, ಮೂರನೆಯ ದಿನಕ್ಕೆ ನಾರುತ್ತದೆ.

ಕೈಗೆ ಹತ್ತಿಯ ಗ್ಲೌಸ್ ಮೇಲೆ ಮೂರು ಪದರ, ಉಗುರಿಗೆ ನೀರಿನ ಬಾಟಲಿಯ ಪ್ಲಾಸ್ಟಿಕ್. ಪಾದಕ್ಕೆ ಹಳೆಯ ಸ್ಯಾಂಡಲ್. ಅದರ ಅಟ್ಟೆಗೆ ಲೇಟೆಕ್ಸ್ ತಾಗಿಸಬೇಡಿ, ಒದ್ದೆ ಕಲ್ಲಿನ ಮೇಲೆ ಜಾರುತ್ತದೆ.

ಮುಖವಾಡದ ಹಿಂಭಾಗವನ್ನು ಕುತ್ತಿಗೆಯಿಂದ ಅರ್ಧ ತಲೆಯವರೆಗೆ ಸೀಳಿದರೆ ಹಾಕಿ ತೆಗೆಯುವಾಗ ಎಳೆದಾಟವಿಲ್ಲ. ವೆಲ್ಕ್ರೋವನ್ನು ನೇರ ರಬ್ಬರಿಗೆ ಹೊಲಿದರೆ ಸೂಜಿಯ ತೂತುಗಳ ಸಾಲು ಅಂಚೆಚೀಟಿಯ ಅಂಚಿನಂತೆ ಹರಿದು ಬರುತ್ತದೆ. ಮೊದಲು ಹತ್ತಿಯ ಪಟ್ಟಿಯನ್ನು ಲೇಟೆಕ್ಸಿನಲ್ಲಿ ಅಂಟಿಸಿ, ವೆಲ್ಕ್ರೋವನ್ನು ಆ ಪಟ್ಟಿಗಷ್ಟೇ ಹೊಲಿಯಿರಿ.

ಬಣ್ಣ

ಅಕ್ರಿಲಿಕ್ ಬಣ್ಣವನ್ನು ಹಾಗೇ ಬಳಿದರೆ ಮೊದಲ ಸಲ ಬಾಯಿ ತೆರೆದಾಗಲೇ ಬಿರಿಯುತ್ತದೆ, ರಬ್ಬರಿನಷ್ಟು ಹಿಗ್ಗಲು ಅದಕ್ಕೆ ಆಗದು. ಒಂದು ಪಾಲು ಬಣ್ಣಕ್ಕೆ ಎರಡು ಪಾಲು ಲೇಟೆಕ್ಸ್ ಬೆರೆಸಿ ತೆಳ್ಳಗೆ ಹಚ್ಚಿ. ಕೆಲವು ಬಣ್ಣಗಳು ಸೇರಿದೊಡನೆ ಹೆಪ್ಪುಗಟ್ಟಿಸುತ್ತವೆ, ಆದ್ದರಿಂದ ಮೊದಲು ಒಂದು ಚಮಚ ಬೆರೆಸಿ ಹತ್ತು ನಿಮಿಷ ನೋಡಿ. ಹಸಿಯಿರುವಾಗ ಲೇಟೆಕ್ಸಿನ ಬಿಳುಪು ಸೇರಿ ಬಣ್ಣ ತೆಳುವಾಗಿ ಕಾಣುತ್ತದೆ, ಒಣಗಿದಾಗ ಎರಡು ಛಾಯೆ ಗಾಢವಾಗುತ್ತದೆ. ಬೇಕಾದದ್ದಕ್ಕಿಂತ ತಿಳಿಯಾಗಿಯೇ ಕಲಸಿ. ಗಾಢ ಬಣ್ಣವನ್ನು ನೀರು ಮಾಡಿ ಸುಕ್ಕುಗಳಿಗೆ ಹರಿಸಿ, ಮೇಲಿನದನ್ನು ಒರೆಸಿ, ಉಬ್ಬುಗಳಿಗೆ ತಿಳಿಬಣ್ಣವನ್ನು ಒಣ ಬ್ರಷ್ಷಿನಿಂದ ಸವರಿದರೆ ಮುಖ ಎದ್ದುಬರುತ್ತದೆ. ಕೋರೆ, ಕಿರೀಟಕ್ಕೆ ಚಿನ್ನದ ಬಣ್ಣ ಬೇಕೆಂದು ಬ್ರಾಂಜ್ ಪುಡಿ ತರಬೇಡಿ. ಅದರಲ್ಲಿರುವುದು ಬಹುತೇಕ ತಾಮ್ರ. ಮೈಕಾ ಪುಡಿಯ ಚಿನ್ನದ ಬಣ್ಣ ಸುರಕ್ಷಿತ. ಎನಾಮಲ್ ಕೂಡ ಬೇಡ, ಗಟ್ಟಿಯಾಗಿ ಸಿಪ್ಪೆಯೇಳುತ್ತದೆ.

ಹಾಕಿಕೊಳ್ಳುವಾಗ

ಇಲ್ಲಿಯ ಹವೆಯಲ್ಲಿ ಬೆವರು ಸುಮ್ಮನೆ ಕುಳಿತರೂ ಆರುವುದಿಲ್ಲ, ರಬ್ಬರಿನೊಳಗೆ ಆರುವ ಮಾತೇ ಇಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಬಾಯಿ ನಿಜವಾಗಿಯೂ ತೆರೆದಿರಲಿ, ಒಳಗಿನಿಂದ ಕಪ್ಪು ಬಲೆ ಅಂಟಿಸಿ; ಅಲ್ಲಿಂದಲೇ ನೋಡಬಹುದು, ಉಸಿರಾಡಬಹುದು. ಕೊಂಬಿನ ಹಿಂದೆ ಕಾಣದಂತೆ ಎರಡು ತೂತು ಮಾಡಿ, ಪವರ್ ಬ್ಯಾಂಕಿಗೆ ಸಿಗಿಸುವ ಪುಟ್ಟ ಫ್ಯಾನನ್ನು ಗಾಳಿ ಹೊರಹಾಕುವಂತೆ ಕೂರಿಸಿ. 20 ನಿಮಿಷಕ್ಕೊಮ್ಮೆ ತಲೆಯ ಭಾಗ ತೆಗೆದು ನೀರು ಕುಡಿಯಬೇಕು. ಪಕ್ಕದಲ್ಲಿ ವೇಷವಿಲ್ಲದ ಒಬ್ಬ ಇರಲೇಬೇಕು: ಬದಿಯ ನೋಟ ಇರುವುದಿಲ್ಲ, ಕಾಲ ಬಳಿ ಬಂದ ಮಗು ಕಾಣುವುದಿಲ್ಲ. ತಲೆ ಸುತ್ತಿದರೆ, ಬೆವರುವುದು ನಿಂತರೆ ವೇಷ ಬಿಚ್ಚಲು ಯೋಚಿಸುತ್ತ ನಿಲ್ಲಬಾರದು.

ಬಣ್ಣ ಹಚ್ಚುವ ಮುಂಚೆ ಮುಖಕ್ಕೆ ತೆಂಗಿನೆಣ್ಣೆ ಸವರುವ ಅಭ್ಯಾಸ ನಮ್ಮ ವೇಷಧಾರಿಗಳಲ್ಲಿದೆ. ಲೇಟೆಕ್ಸಿಗೆ ಅದು ನೇರ ಶತ್ರು. ಎಣ್ಣೆ ರಬ್ಬರಿನೊಳಗೆ ಇಳಿದು ಅದನ್ನು ಉಬ್ಬಿಸಿ ಬಲ ತೆಗೆಯುತ್ತದೆ, ಇಳಿದ ಎಣ್ಣೆಯನ್ನು ತೊಳೆದು ತೆಗೆಯಲಾಗದು. ತಲೆಗೆ ಎಣ್ಣೆ ಹಚ್ಚಿದ ದಿನ ವೇಷ ಬೇಡ. ಹಾಕಲೇಬೇಕಾದರೆ ಹತ್ತಿಯ ಟೊಪ್ಪಿ, ಕಿವಿ–ಕುತ್ತಿಗೆ ಮುಚ್ಚುವ ಬಟ್ಟೆ ಕಟ್ಟಿಕೊಳ್ಳಿ.

ಎತ್ತಿಡುವುದು, ತೇಪೆ ಹಾಕುವುದು

ಹಬ್ಬ ಮುಗಿದ ರಾತ್ರಿಯೇ ಉಗುರುಬೆಚ್ಚಗಿನ ನೀರಿಗೆ ತುಸು ಸಾಬೂನು ಹಾಕಿ ಒಳಗೂ ಹೊರಗೂ ತೊಳೆಯಿರಿ. ಒಳಗಿನ ಅಸ್ತರನ್ನು ವೆಲ್ಕ್ರೋದಿಂದ ಕೂರಿಸಿದ್ದರೆ ಬೇರೆಯಾಗಿ ಒಗೆಯಬಹುದು. ಬಿಸಿಲಿಗೆ ಹಾಕದೆ ನೆರಳಲ್ಲಿ ಫ್ಯಾನಿನಡಿ ಒಣಗಿಸಿ, ಎರಡೂ ಮೈಗೆ ಪೌಡರ್ ಹಚ್ಚಿ, ಒಳಗೆ ಬಿಳಿ ಕಾಗದವೋ ಹಳೆಯ ಬಟ್ಟೆಯೋ ತುಂಬಿ ಆಕಾರದಲ್ಲೇ ಇಡಬೇಕು. ಮಡಚಿದ ಕಡೆ ರಬ್ಬರ್ ಎಳೆತದಲ್ಲಿರುತ್ತದೆ, ಎಳೆತವಿರುವಲ್ಲಿ ಗಾಳಿಯ ಓಝೋನ್ ಸಣ್ಣ ಸಣ್ಣ ಬಿರುಕು ಮಾಡುತ್ತದೆ. ಮುಚ್ಚಳವಿರುವ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್ ಚೀಲಗಳು, ಬೆಳಕು ಬೀಳದ ಜಾಗ, ಕಿಡಿ ಹಾರುವ ಮೋಟರುಗಳಿಂದ ದೂರ. ಹೆಂಚಿನ ಮಾಡಿನ ಅಟ್ಟ ಬೇಸಿಗೆಯಲ್ಲಿ ತುಂಬ ಕಾಯುತ್ತದೆ, ಅಲ್ಲಿಡಬೇಡಿ. ಮಳೆಗಾಲ ಶುರುವಾದ ಮೇಲೆ ತಿಂಗಳಿಗೊಮ್ಮೆ ತೆರೆದು ಬೂಷ್ಟು ಹಿಡಿದಿದೆಯೇ ನೋಡಿ, ಹಿಡಿದಿದ್ದರೆ ತೊಳೆದು ಒಣಗಿಸಿ ಮತ್ತೆ ಪೌಡರ್ ಹಚ್ಚಿ.

ಹರಿದದ್ದನ್ನು ಸೂಪರ್ ಗ್ಲೂ ಹಾಕಿ ಅಂಟಿಸಿದರೆ ಆ ಜಾಗ ಗಾಜಿನಂತೆ ಗಡುಸಾಗಿ, ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಪೌಡರ್ ಪೂರ್ತಿ ಒರೆಸಿ, ಪಂಕ್ಚರ್ ಅಂಗಡಿಯ ರಬ್ಬರ್ ಸೊಲ್ಯೂಷನ್ನನ್ನು ಹರಿದ ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಒದ್ದೆ ತಾಗದಷ್ಟು ಆರಿದ ಮೇಲೆ ಸೇರಿಸಿ ಒತ್ತಿ. ಅದರ ಆವಿಗೆ ಬೆಂಕಿ ಹಿಡಿಯುತ್ತದೆ, ದೀಪ, ಸಿಗರೇಟು ಹತ್ತಿರವಿರಬಾರದು. ಮರುದಿನ ಒಳಬದಿಗೆ, ಹರಿದ ಗೆರೆಯಿಂದ ಎಲ್ಲ ಕಡೆ ಎರಡು ಸೆಂಟಿಮೀಟರ್ ಹೆಚ್ಚಿರುವಂತೆ, ಬ್ಯಾಂಡೇಜ್ ಬಟ್ಟೆಯನ್ನು ಲೇಟೆಕ್ಸಿನಲ್ಲಿ ಕೂರಿಸಿ ಮೇಲೆ ಎರಡು ಪದರ ಕೊಡಿ. ಉಳಿದ ಲೇಟೆಕ್ಸಿನ ಕ್ಯಾನನ್ನು ಬಿಗಿ ಮುಚ್ಚಿ ತಂಪಾದ ಜಾಗದಲ್ಲಿಟ್ಟಿದ್ದರೆ ಈ ಕೆಲಸಕ್ಕೆ ಅದೇ ಆಗುತ್ತದೆ. ಫ್ರೀಜರಿನಲ್ಲಿ ಮಾತ್ರ ಇಡಬಾರದು, ಹೆಪ್ಪುಗಟ್ಟುತ್ತದೆ. ಪ್ಲಾಸ್ಟರ್ ಅಚ್ಚನ್ನು ಎರಡು ಹೋಳನ್ನೂ ಕೂಡಿಸಿ ಬಿಗಿದು ಒಣ ಜಾಗದಲ್ಲಿಟ್ಟರೆ, ಮುಖವಾಡ ತೇಪೆಗೂ ಸಿಗದಷ್ಟು ಹಳತಾದ ವರ್ಷ ಅದರಿಂದಲೇ ಇನ್ನೊಂದನ್ನು ಎರೆಯಬಹುದು.